ಕೆಲಸ ಬಿಡದೆ ಎಐ ಸ್ನಾತಕೋತ್ತರ ಪದವಿ: ದೆಹಲಿ ಎನ್‌ಸಿಆರ್‌ನಲ್ಲಿರುವವರಿಗೆ ಯಾವ ದಾರಿ, ಎಲ್ಲಿ ಎಚ್ಚರ?

ಹುಬ್ಬಳ್ಳಿಯಲ್ಲಿ ಬಿ.ಇ ಮುಗಿಸಿ, ಐದು ವರ್ಷದಿಂದ ನೋಯ್ಡಾದ ಸೆಕ್ಟರ್ 62ರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವ ಒಬ್ಬರನ್ನು ಊಹಿಸಿಕೊಳ್ಳಿ. ಕೈಗೆ ಬರುವ ಸಂಬಳದಲ್ಲಿ ಬಾಡಿಗೆ ಹೋಗಬೇಕು, ಊರಿಗೆ ಒಂದಿಷ್ಟು ಕಳಿಸಬೇಕು, ಮಗುವಿನ ಸ್ಕೂಲ್ ಫೀಸು ಕಟ್ಟಬೇಕು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಆಫೀಸಿನ ಪ್ರತಿ ಮೀಟಿಂಗ್‌ನಲ್ಲೂ ಕೃತಕ ಬುದ್ಧಿಮತ್ತೆಯದೇ ಮಾತು. ಇಂದು ಮಾಡುವ ಕೆಲಸ ಐದು ವರ್ಷದ ನಂತರ ಇರುತ್ತದೋ ಇಲ್ಲವೋ ಎಂಬ ಅಳುಕು ಒಂದು ಕಡೆ. ಕೆಲಸ ಬಿಟ್ಟು ಎರಡು ವರ್ಷ ಪೂರ್ಣಕಾಲಿಕ ಎಂ.ಟೆಕ್ ಮಾಡಿದರೆ ಮನೆ ನಡೆಯುವುದಿಲ್ಲ ಎಂಬ ಲೆಕ್ಕ ಇನ್ನೊಂದು ಕಡೆ.

ನೋಯ್ಡಾ, ಗುರುಗ್ರಾಮ, ದೆಹಲಿಗಳಲ್ಲಿ ಕೆಲಸಕ್ಕಿರುವ ಸಾವಿರಾರು ಮಂದಿಯ ಸ್ಥಿತಿ ಇದೇ. ಕರ್ನಾಟಕದಿಂದ ಅಲ್ಲಿಗೆ ಹೋದವರೂ ಅದರಲ್ಲಿದ್ದಾರೆ. ಅವರಿಗೆ ಉಳಿದಿರುವ ದಾರಿ ಕೆಲಸ ಮಾಡುತ್ತಲೇ ಅರ್ಧಕಾಲಿಕವಾಗಿ ಸ್ನಾತಕೋತ್ತರ ಪದವಿ ಪಡೆಯುವುದು. ಇದಕ್ಕೆ ಅವಕಾಶಗಳು ಬೇಕಾದಷ್ಟಿವೆ. ಆದರೆ ಜಾಹೀರಾತಿನಲ್ಲಿ ಎಲ್ಲವೂ ಒಂದೇ ತರಹ ಕಾಣುತ್ತವೆ, ಕಾನೂನಿನ ಕಣ್ಣಿಗೆ ಒಂದೇ ಅಲ್ಲ.

ಮೊದಲು ಪದವಿ ಯಾವುದು, ಸರ್ಟಿಫಿಕೇಟ್ ಯಾವುದು ನೋಡಿ

'ಐಐಟಿಯಿಂದ ಎಐ ಕಲಿಯಿರಿ' ಎಂಬ ಜಾಹೀರಾತು ಮೊಬೈಲ್‌ನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಅದರಲ್ಲಿ ಹೆಚ್ಚಿನವು ಆರು ತಿಂಗಳು, ಒಂದು ವರ್ಷದ ಎಕ್ಸಿಕ್ಯೂಟಿವ್ ಕೋರ್ಸುಗಳು. ಐಐಟಿ ದೆಹಲಿಯೂ ತನ್ನ ಮುಂದುವರಿದ ಶಿಕ್ಷಣ ವಿಭಾಗದ ಮೂಲಕ ಇಂಥವನ್ನು ನಡೆಸುತ್ತದೆ. ಪಾಠ ಚೆನ್ನಾಗಿಯೇ ಇರಬಹುದು, ಆದರೆ ಕೊನೆಗೆ ಸಿಗುವುದು ಸರ್ಟಿಫಿಕೇಟ್. ಅದನ್ನು ಎಂ.ಟೆಕ್ ಎಂದು ಬಯೋಡೇಟಾದಲ್ಲಿ ಬರೆಯುವಂತಿಲ್ಲ, ಅದರ ಮೇಲೆ ಪಿಎಚ್.ಡಿ.ಗೆ ಅರ್ಜಿ ಹಾಕುವಂತಿಲ್ಲ, ಸ್ನಾತಕೋತ್ತರ ಪದವಿ ಕೇಳುವ ಸರ್ಕಾರಿ ಹುದ್ದೆಗೂ ಅದು ಸಲ್ಲದು.

ಶುಲ್ಕದ ಬಿಲ್ಲಿನಲ್ಲೇ ಒಂದು ಸುಳಿವು ಸಿಗುತ್ತದೆ. ಕಾನೂನಿನ ಮಾನ್ಯತೆ ಇರುವ ಪದವಿ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ಕಂಪನಿಯ ಸರ್ಟಿಫಿಕೇಟ್ ಕೋರ್ಸಿಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬೀಳುತ್ತದೆ. 'ಮಾಸ್ಟರ್ಸ್' ಎಂದು ಹೇಳಿ ಬಿಲ್ಲಿನಲ್ಲಿ ಶೇ 18 ಸೇರಿಸಿದ್ದರೆ, ಪದವಿ ಪತ್ರಕ್ಕೆ ಸಹಿ ಹಾಕುವವರು ಯಾರು ಎಂದು ಕೇಳಿಯೇ ಮುಂದುವರಿಯಬೇಕು.

ಈ ಎಚ್ಚರ ಅತಿಯಾಯಿತು ಅನ್ನಿಸಿದರೆ 2017ರ ಒಂದು ಪ್ರಕರಣ ನೆನಪಿಸಿಕೊಳ್ಳಬಹುದು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದವು. ಆ ವರ್ಷ ನವೆಂಬರ್ 3ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಊರ್ಜಿತ ಎಂದಿತು. ಆ ನಂತರ ಸೇರಿದವರ ಪದವಿಗಳು ರದ್ದಾದವು. ಅಷ್ಟರಲ್ಲಿ ಆ ಪದವಿಯ ಮೇಲೆ ಕೆಲಸ, ಬಡ್ತಿ ಪಡೆದವರು ಮಧ್ಯವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಹಾಲ್‌ನಲ್ಲಿ ಕೂರಬೇಕಾಯಿತು. ಓದಿದ್ದು ಸುಳ್ಳಲ್ಲ, ಶುಲ್ಕ ಕಟ್ಟಿದ್ದೂ ಸುಳ್ಳಲ್ಲ. ಸಂಸ್ಥೆಗೆ ಹಾಗೆ ಪದವಿ ಕೊಡುವ ಅಧಿಕಾರ ಮಾತ್ರ ಇರಲಿಲ್ಲ.

ದೆಹಲಿಯಲ್ಲಿ ಈ ಅಪಾಯ ಇನ್ನೂ ಒಂದು ತೂಕ ಹೆಚ್ಚು. ಯುಜಿಸಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ 20 ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ 8 ದೆಹಲಿಯವೇ ಆಗಿದ್ದವು. ಆನ್‌ಲೈನ್ ಅಥವಾ ದೂರಶಿಕ್ಷಣ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರಕ್ಕೂ ಅನುಮತಿ ಇದೆಯೇ ನೋಡಬೇಕು. ಕಳೆದ ವರ್ಷ ಇದ್ದ ಅನುಮತಿ ಈ ವರ್ಷವೂ ಇರುತ್ತದೆ ಎಂದುಕೊಳ್ಳುವಂತಿಲ್ಲ. 2024ರಿಂದ ಇಂಥ ಕೋರ್ಸಿಗೆ ಸೇರುವವರು ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಳ್ಳುವುದೂ ಕಡ್ಡಾಯ. 'ಅದೆಲ್ಲ ಬೇಡ, ಸೀಟು ನಾವು ಕೊಡಿಸುತ್ತೇವೆ' ಎನ್ನುವ ಏಜೆಂಟರಿಂದ ದೂರ ಇರುವುದೇ ಒಳ್ಳೆಯದು.

ಕ್ಯಾಂಪಸ್‌ಗೆ ಹೋಗಿ ಓದುವುದಾದರೆ

ಎನ್‌ಸಿಆರ್‌ನಲ್ಲಿ ಇರುವವರಿಗೆ ಒಂದು ಅನುಕೂಲವಿದೆ. ಒಳ್ಳೆಯ ಎಂಜಿನಿಯರಿಂಗ್ ಸಂಸ್ಥೆಗಳು ಮೆಟ್ರೊ ಹಾದಿಯಲ್ಲೇ ಸಿಗುತ್ತವೆ. ಸೆಕ್ಟರ್ 62ರಲ್ಲಿ ಬ್ಲೂ ಲೈನ್ ಹತ್ತಿ, ಬೊಟಾನಿಕಲ್ ಗಾರ್ಡನ್‌ನಲ್ಲಿ ಮೆಜೆಂಟಾ ಲೈನಿಗೆ ಬದಲಾಯಿಸಿದರೆ ಐಐಟಿ ನಿಲ್ದಾಣದಲ್ಲೇ ಇಳಿಯಬಹುದು. ಗುರುಗ್ರಾಮದ ಸೈಬರ್ ಸಿಟಿಯವರು ಸಿಕಂದರ್‌ಪುರದಿಂದ ಯೆಲ್ಲೊ ಲೈನಿನಲ್ಲಿ ಹೌಜ್ ಖಾಸ್‌ಗೆ ಬಂದರೆ ಅಲ್ಲಿಂದ ಕ್ಯಾಂಪಸ್ ಹತ್ತಿರ.

ಐಐಟಿ ದೆಹಲಿ 2020ರಲ್ಲಿ ಎಐಗೆಂದೇ ಪ್ರತ್ಯೇಕ ಸ್ಕೂಲ್ ಆರಂಭಿಸಿತು. ಹಳೆ ವಿದ್ಯಾರ್ಥಿ ಅನಂತ್ ಯಾರ್ಡಿ ಅವರ ದೇಣಿಗೆಯ ನಂತರ ಅದಕ್ಕೆ ಯಾರ್ಡಿ ಸ್ಕೂಲ್ ಎಂದು ಹೆಸರಾಯಿತು. ಭಾಷಾ ತಂತ್ರಜ್ಞಾನದ ಸಂಶೋಧಕ ಪ್ರೊ. ಮೌಸಮ್ ಅದರ ಸ್ಥಾಪಕ ಮುಖ್ಯಸ್ಥರು. ಮಷೀನ್ ಇಂಟೆಲಿಜೆನ್ಸ್ ಮತ್ತು ಡೇಟಾ ಸೈನ್ಸ್ ಎಂಬ ಎಂ.ಟೆಕ್ ಅಲ್ಲಿದೆ. ಐಐಟಿ ದೆಹಲಿಯ ನಿಯಮಗಳಲ್ಲಿ ಅರ್ಧಕಾಲಿಕ ಎಂ.ಟೆಕ್‌ಗೂ ಅವಕಾಶ ಉಂಟು. ಆದರೆ ಯಾವ ವಿಭಾಗ ಯಾವ ವರ್ಷ ಉದ್ಯೋಗಿಗಳನ್ನು ತೆಗೆದುಕೊಳ್ಳುತ್ತದೆ ಎಂಬುದು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಗೊತ್ತಾಗುತ್ತದೆ. ಅರ್ಜಿದಾರರು ದೆಹಲಿ ಅಥವಾ ಸುತ್ತಮುತ್ತ ಕೆಲಸದಲ್ಲಿರಬೇಕು, ಕಂಪನಿಯ ನಿರಾಕ್ಷೇಪಣಾ ಪತ್ರ ತರಬೇಕು.

ಇಲ್ಲಿ ಅರ್ಧಕಾಲಿಕ ಎಂದರೆ ಸುಲಭ ಎಂದು ಅರ್ಥವಲ್ಲ. ಗೇಟ್‌ನಲ್ಲಿ ಮೇಲಿನ ರ‍್ಯಾಂಕ್ ಪಡೆದ 22-23ರ ಹುಡುಗರ ಜತೆ ಅದೇ ತರಗತಿ, ಅದೇ ಪ್ರಶ್ನೆಪತ್ರಿಕೆ. ಕಡಿಮೆ ಕೋರ್ಸು ತೆಗೆದುಕೊಂಡು ಹೆಚ್ಚು ವರ್ಷ ಓದಬಹುದು, ಅಷ್ಟೇ. ತರಗತಿ ಮಧ್ಯಾಹ್ನ 2 ಗಂಟೆಗೆ ಬಿದ್ದರೆ ಮ್ಯಾನೇಜರ್ ಮುಂದೆ ನಿಲ್ಲಬೇಕಾದವರು ನೀವೇ. ಅರ್ಜಿಗೂ ಮೊದಲು ಹಿಂದಿನ ಸೆಮಿಸ್ಟರ್‌ಗಳ ವೇಳಾಪಟ್ಟಿ ತರಿಸಿ ನೋಡಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಓಖ್ಲಾದ ಐಐಐಟಿ-ದೆಹಲಿ 2008ರಲ್ಲಿ ದೆಹಲಿ ಸರ್ಕಾರ ಕಟ್ಟಿದ ವಿಶ್ವವಿದ್ಯಾಲಯ. ವಯಸ್ಸು ಚಿಕ್ಕದಾದರೂ ಎಐ ಸಂಶೋಧನೆಯಲ್ಲಿ ಹೆಸರಿದೆ, ಇನ್ಫೋಸಿಸ್ ನೆರವಿನ ಎಐ ಕೇಂದ್ರವೂ ಅಲ್ಲಿದೆ. 1941ರಲ್ಲಿ ದೆಹಲಿ ಪಾಲಿಟೆಕ್ನಿಕ್ ಆಗಿ ಹುಟ್ಟಿ ಈಗ ಬವಾನಾ ರಸ್ತೆಯಲ್ಲಿರುವ ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯ, ದ್ವಾರಕಾದ ನೇತಾಜಿ ಸುಭಾಷ್ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಗುರು ಗೋಬಿಂದ್ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾಲಯಗಳ ಪ್ರಕಟಣೆಗಳನ್ನೂ ಪ್ರತಿ ವರ್ಷ ಗಮನಿಸಬೇಕು. ಬವಾನಾ ರಸ್ತೆ ನಗರದ ಉತ್ತರದ ಅಂಚು. ಗುರುಗ್ರಾಮದಲ್ಲಿ ಆಫೀಸು ಇರುವವರಿಗೆ ಯೆಲ್ಲೊ ಲೈನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಟ. ವಾರಕ್ಕೆ ಮೂರು ದಿನ ಅದನ್ನು ಮಾಡುವವರು ರೈಲಿನಲ್ಲೇ ಓದುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಗೇಟ್‌ನಲ್ಲಿ ಎಐಗೇ ಒಂದು ಪತ್ರಿಕೆ

ಕಂಪ್ಯೂಟರ್ ಸೈನ್ಸ್ ಓದದ ಎಂಜಿನಿಯರುಗಳಿಗೆ 2024ರಲ್ಲಿ ಒಂದು ಬಾಗಿಲು ತೆರೆಯಿತು. ಆ ವರ್ಷ ಗೇಟ್ ನಡೆಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಡೇಟಾ ಸೈನ್ಸ್ ಮತ್ತು ಎಐ ಎಂಬ ಹೊಸ ಪತ್ರಿಕೆಯನ್ನು ಸೇರಿಸಿತು. ಸಂಭವನೀಯತೆ, ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಕಲನಶಾಸ್ತ್ರ, ಪ್ರೋಗ್ರಾಮಿಂಗ್, ಡೇಟಾಬೇಸ್, ಮಷೀನ್ ಲರ್ನಿಂಗ್, ಎಐ ಇದರ ಪಠ್ಯ. ಕಂಪೈಲರ್, ಆಪರೇಟಿಂಗ್ ಸಿಸ್ಟಂ ಇಲ್ಲ. ಮೆಕ್ಯಾನಿಕಲ್, ಸಿವಿಲ್, ಇಲೆಕ್ಟ್ರಿಕಲ್ ಓದಿ ಐಟಿಗೆ ಬಂದವರಿಗೆ ಇದು ಹೆಚ್ಚು ನ್ಯಾಯವಾದ ಪರೀಕ್ಷೆ. ಅಂಕ 3 ವರ್ಷ ಚಾಲ್ತಿಯಲ್ಲಿರುವುದರಿಂದ ಈ ವರ್ಷ ಬರೆದು ಮುಂದಿನ ವರ್ಷ ಅರ್ಜಿ ಹಾಕಲೂ ಬಹುದು.

ಪದವಿಗೆ ಸೇರದವರೂ ಈ ಪಠ್ಯಕ್ರಮವನ್ನೊಮ್ಮೆ ತೆರೆದು ನೋಡುವುದು ಲೇಸು. ಐಗನ್ ಮೌಲ್ಯ, ಬೇಯ್ಸ್ ಪ್ರಮೇಯ ಎಂದಾಗ ಪಿಯುಸಿ ನೆನಪು ಮಸುಕಾಗಿದ್ದರೆ ಮೂರು ತಿಂಗಳು ಗಣಿತಕ್ಕೆ ಕೊಟ್ಟು ಆಮೇಲೆ ಶುಲ್ಕ ಕಟ್ಟುವುದು ಜಾಣತನ. ಎನ್‌ಪಿಟಿಇಎಲ್‌ನಲ್ಲಿ ಇದೆಲ್ಲ ಉಚಿತವಾಗಿ ಸಿಗುತ್ತದೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಸಣ್ಣ ಶುಲ್ಕ. ಮೊದಲ ಸೆಮಿಸ್ಟರಿನಲ್ಲೇ ಕೈಚೆಲ್ಲುವವರನ್ನು ಸೋಲಿಸುವುದು ಬಹಳ ಸಲ ಪ್ರೋಗ್ರಾಮಿಂಗ್ ಅಲ್ಲ, ಗಣಿತ.

ಮನೆಯಲ್ಲೇ ಕೂತು ಓದುವುದಾದರೆ

ಭಾರತದಲ್ಲಿ ಉದ್ಯೋಗಿಗಳಿಗಾಗಿ ಪದವಿ ನಡೆಸುವುದರಲ್ಲಿ ಹಳೆಯ ಹೆಸರು ಬಿಟ್ಸ್ ಪಿಲಾನಿ. 1979ರಿಂದ ಅದು ಉದ್ಯೋಗದೊಂದಿಗೆ ಕಲಿಕೆ ಎಂಬ ಪ್ರತ್ಯೇಕ ವ್ಯವಸ್ಥೆ ನಡೆಸಿಕೊಂಡು ಬಂದಿದೆ. ಅದರ ಎಐ ಮತ್ತು ಮಷೀನ್ ಲರ್ನಿಂಗ್ ಎಂ.ಟೆಕ್ ನಾಲ್ಕು ಸೆಮಿಸ್ಟರಿನದು. ತರಗತಿಗಳು ವಾರಾಂತ್ಯದಲ್ಲಿ ಆನ್‌ಲೈನ್, ಕೊನೆಯ ಸೆಮಿಸ್ಟರ್ ಪ್ರಬಂಧಕ್ಕೆ. ಕೆಲಸದಲ್ಲಿ ಇರುವುದೇ ಇಲ್ಲಿ ಪ್ರವೇಶದ ಷರತ್ತು. ಎರಡು ವರ್ಷ ಶನಿವಾರ, ಭಾನುವಾರಗಳನ್ನು ಮರೆಯಬೇಕು. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದ ಭಾನುವಾರದ ಕಾರ್ಯಕ್ರಮಗಳಿಗೂ ಅಷ್ಟರ ಮಟ್ಟಿಗೆ ವಿರಾಮ.

ಐಐಟಿ ಕಾನ್ಪುರ ಗೇಟ್ ಇಲ್ಲದೆಯೇ ಸೇರಬಹುದಾದ ಇ-ಮಾಸ್ಟರ್ಸ್ ಪದವಿಗಳನ್ನು ಆರಂಭಿಸಿದೆ. ಒಂದರಿಂದ ಮೂರು ವರ್ಷದೊಳಗೆ ಮುಗಿಸಬಹುದು. ಸೌಲಭ್ಯ ಹೆಚ್ಚು, ಶುಲ್ಕವೂ ಸಾಮಾನ್ಯ ಎಂ.ಟೆಕ್‌ಗಿಂತ ಬಹಳ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಉದ್ಯಮದಲ್ಲಿರುವವರಿಗೆ ಎಐ ವಿಷಯದಲ್ಲಿ ಆನ್‌ಲೈನ್ ಎಂ.ಟೆಕ್ ನಡೆಸುತ್ತಿದೆ. ಅದಕ್ಕೆ ಕಂಪನಿಯ ಪ್ರಾಯೋಜನೆ ಬೇಕು. ಸಣ್ಣ ಕಂಪನಿಗಳಲ್ಲಿ ಇರುವವರಿಗೆ ಅದೇ ದೊಡ್ಡ ತೊಡಕು.

ಎಂಜಿನಿಯರಿಂಗ್ ಪದವಿಯೇ ಇಲ್ಲದ ಬಿ.ಎಸ್ಸಿ, ಬಿ.ಕಾಂ ಪದವೀಧರರಿಗೆ ದೆಹಲಿಯ ಮೈದಾನ್ ಗಢಿಯಲ್ಲಿ ಕೇಂದ್ರ ಕಚೇರಿ ಇರುವ ಇಗ್ನೊ ನೆನಪಿಗೆ ಬರಬೇಕು. ಅದರ ಹೊಸ ಎಂಸಿಎ ಪಠ್ಯದಲ್ಲಿ ಎಐ ಮತ್ತು ಮಷೀನ್ ಲರ್ನಿಂಗ್ ಒಂದು ಕಡ್ಡಾಯ ವಿಷಯ. ಶುಲ್ಕ ಖಾಸಗಿಯವಕ್ಕೆ ಹೋಲಿಸಿದರೆ ಅಲ್ಪ. ಹೇಳಿಕೊಡುವವರು ಪಕ್ಕದಲ್ಲಿರುವುದಿಲ್ಲ, ಸ್ವಂತ ಶಿಸ್ತೇ ಗತಿ. ಆದರೂ ಪದವಿಯ ಮಾನ್ಯತೆ ಬಗ್ಗೆ ನಿದ್ದೆಗೆಡಬೇಕಿಲ್ಲ.

ವಿದೇಶದ ಪದವಿ ಬೇಕೆನ್ನುವವರು ಅಮೆರಿಕದ ಜಾರ್ಜಿಯಾ ಟೆಕ್ ಕಡೆ ನೋಡುತ್ತಾರೆ. 2014ರ ಜನವರಿಯಲ್ಲಿ ಶುರುವಾದ ಅದರ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್‌ಗೆ ಒಟ್ಟು ಖರ್ಚು ಸುಮಾರು 7,000 ಡಾಲರ್. 10 ಕೋರ್ಸು ಮುಗಿಸಬೇಕು, ಎಐ ಮತ್ತು ಮಷೀನ್ ಲರ್ನಿಂಗ್ ವಿಶೇಷ ವಿಷಯಗಳಾಗಿವೆ. ಸೀಟು ಸಿಗುವುದು ಅಷ್ಟು ಕಷ್ಟವಲ್ಲ, ಮುಗಿಸುವುದು ಕಷ್ಟ. ಮೊದಲ ವರ್ಷದಲ್ಲೇ ಎರಡು ಬುನಾದಿ ಕೋರ್ಸುಗಳಲ್ಲಿ ಬಿ ಗ್ರೇಡ್ ಬಾರದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಅಟ್ಲಾಂಟಾದಲ್ಲಿ ಬೇಸಿಗೆಯ ಭಾನುವಾರ ನಡುರಾತ್ರಿಗೆ ಗಡುವು ಎಂದರೆ ದೆಹಲಿಯಲ್ಲಿ ಸೋಮವಾರ ಬೆಳಗ್ಗೆ 9.30, ಅಂದರೆ ಆಫೀಸಿಗೆ ಹೊರಡುವ ಹೊತ್ತು. ಇದೇ ವಿಶ್ವವಿದ್ಯಾಲಯದ ಪ್ರೊ. ಅಶೋಕ್ ಗೋಯಲ್ 2016ರಲ್ಲಿ ಆನ್‌ಲೈನ್ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಲು 'ಜಿಲ್ ವಾಟ್ಸನ್' ಎಂಬ ಸಹಾಯಕಿಯನ್ನು ಬಿಟ್ಟಿದ್ದರು. ಅದು ಮನುಷ್ಯಳಲ್ಲ, ಎಐ ಎಂಬುದು ವಿದ್ಯಾರ್ಥಿಗಳಿಗೆ ಕೋರ್ಸಿನ ಕೊನೆಗೆ ಗೊತ್ತಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ ಎಐನಲ್ಲೇ 10,000 ಡಾಲರ್‌ನ ಆನ್‌ಲೈನ್ ಎಂ.ಎಸ್ ನಡೆಸುತ್ತಿದೆ.

ಖಾಸಗಿ ಕಂಪನಿಗಳು ಈ ಪದವಿಗಳನ್ನು ಗೌರವದಿಂದಲೇ ನೋಡುತ್ತವೆ. ಆದರೆ ಭಾರತದಲ್ಲಿ ಸರ್ಕಾರಿ ಕೆಲಸ ಅಥವಾ ಅಧ್ಯಾಪಕ ಹುದ್ದೆಯ ಆಸೆ ಇದ್ದರೆ ವಿದೇಶಿ ಆನ್‌ಲೈನ್ ಪದವಿಗೆ ತತ್ಸಮಾನ ಮಾನ್ಯತೆ ಸಿಗುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ವಾರದ 168 ಗಂಟೆಗಳ ಲೆಕ್ಕ

ದಿನಕ್ಕೆ 7 ಗಂಟೆ ನಿದ್ದೆ ಎಂದರೆ ವಾರಕ್ಕೆ 49. ಆಫೀಸಿಗೆ 45, ಎನ್‌ಸಿಆರ್‌ನ ಓಡಾಟಕ್ಕೆ 12. ಉಳಿಯುವುದು 62. ಅಡುಗೆ, ಊಟ, ಸ್ನಾನ, ಮಕ್ಕಳು, ಮನೆಗೆ ಸಾಮಾನು ಎಂದು 40 ಕಳೆದರೆ 22 ಗಂಟೆ ಕೈಯಲ್ಲಿರುತ್ತದೆ. ಸ್ನಾತಕೋತ್ತರದ ಒಂದು ಗಟ್ಟಿ ಕೋರ್ಸು ತರಗತಿ, ಅಸೈನ್‌ಮೆಂಟ್ ಎಲ್ಲ ಸೇರಿ ವಾರಕ್ಕೆ 10 ಗಂಟೆಯನ್ನಾದರೂ ತಿನ್ನುತ್ತದೆ. ಹೀಗಾಗಿ ಸೆಮಿಸ್ಟರಿಗೆ ಎರಡು ಕೋರ್ಸು ಸರಿ, ಮೂರನೆಯದಕ್ಕೆ ನಿದ್ದೆಯಿಂದ ಕಡ ತರಬೇಕು. ಎರಡೇ ವರ್ಷದಲ್ಲಿ ಮುಗಿಸಬೇಕೆಂಬ ಹಟ ಬಿಟ್ಟು, ನಿಯಮ ಬಿಟ್ಟರೆ ಮೂರು ವರ್ಷ ತೆಗೆದುಕೊಳ್ಳುವವರು ಹೆಚ್ಚು ಕಲಿಯುತ್ತಾರೆ.

ಈ 40 ಗಂಟೆಯ ಅಂಕಿ ಎಲ್ಲರಿಗೂ ಒಂದೇ ಅಲ್ಲ. ಅಡುಗೆ, ಮಗುವಿನ ಹೋಂವರ್ಕ್ ಯಾರ ಪಾಲಿಗಿದೆ ಎಂಬುದರ ಮೇಲೆ ಅದು ನಿಂತಿದೆ. ಹೆಣ್ಣುಮಕ್ಕಳು ಓದಲು ಹೊರಟಾಗ ಅದೇ ಅಂಕಿ 55ಕ್ಕೆ ಏರಿ, ಓದಿಗೆ ಉಳಿಯುವುದು ಏಳೇ ಗಂಟೆ ಆಗುವ ಮನೆಗಳಿವೆ. ಪ್ರವೇಶ ಪತ್ರ ತುಂಬುವ ಮೊದಲು ಗಂಡ ಹೆಂಡತಿ ಕೂತು ಈ ಲೆಕ್ಕ ಮಾತಾಡಿಕೊಳ್ಳದಿದ್ದರೆ ಎರಡನೇ ಸೆಮಿಸ್ಟರಿಗೆ ಜಗಳ ಖಚಿತ.

ದೆಹಲಿಯ ಋತುಗಳೂ ಲೆಕ್ಕಕ್ಕೆ ಬರಬೇಕು. ಮೊದಲ ಸೆಮಿಸ್ಟರ್ ಪರೀಕ್ಷೆ ಬರುವುದೇ ನವೆಂಬರ್-ಡಿಸೆಂಬರ್‌ನಲ್ಲಿ. ಮಾಲಿನ್ಯ ಮಿತಿಮೀರಿ ತುರ್ತು ಕ್ರಮದ ನಾಲ್ಕನೇ ಹಂತ ಜಾರಿಯಾದರೆ ಕಚೇರಿಗಳು ಮನೆಯಿಂದ ಕೆಲಸಕ್ಕೆ, ತರಗತಿಗಳು ಆನ್‌ಲೈನ್‌ಗೆ ಹೋಗುತ್ತವೆ. 2024ರ ನವೆಂಬರ್‌ನಲ್ಲಿ ಹಾಗೇ ಆಯಿತು. ಒಂದೇ ಕೋಣೆಯ ಮನೆಯಲ್ಲಿ ಒಬ್ಬರ ಆಫೀಸು, ಇನ್ನೊಬ್ಬರ ಸ್ಕೂಲು, ನಡುವೆ ಎಂ.ಟೆಕ್ ಪಾಠ.

ಕಂಪನಿಯ ಹತ್ತಿರ ಏನು ಕೇಳಬೇಕು?

ಹಲವು ಕಂಪನಿಗಳು ಶುಲ್ಕದ ಒಂದು ಭಾಗ ಭರಿಸುತ್ತವೆ, ಬದಲಿಗೆ ಇಂತಿಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಕರಾರು ಹಾಕುತ್ತವೆ. ಪದವಿ ಮುಗಿದ ಕೂಡಲೇ ಎಐ ತಂಡಕ್ಕೆ ಬೇರೆ ಕಡೆ ಜಿಗಿಯುವ ಯೋಚನೆ ಇದ್ದರೆ ಆ ಹಣ ಮುಟ್ಟದಿರುವುದೇ ವಾಸಿ. ಶಿಕ್ಷಣ ಸಾಲ ಮಾಡಿದರೆ ಬಡ್ಡಿಗೆ ಆದಾಯ ತೆರಿಗೆ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಆ ಲಾಭ ಇಲ್ಲ.

ಹಣಕ್ಕಿಂತ ಸೂಕ್ಷ್ಮವಾದದ್ದು ಪ್ರಬಂಧದ ವಿಷಯ. ಆಫೀಸಿನ ಸಮಸ್ಯೆಯನ್ನೇ ಪ್ರಬಂಧಕ್ಕೆ ತೆಗೆದುಕೊಂಡರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ, ಉದ್ಯೋಗ ಬದಲಾವಣೆಗೂ ಅದೇ ದೊಡ್ಡ ಸಾಕ್ಷಿ. ಆದರೆ ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಬೇಕು. ಕೆಲಸದ ಅವಧಿಯಲ್ಲಿ ಬರೆದ ಕೋಡ್ ಕಂಪನಿಯ ಸ್ವತ್ತು ಎಂಬ ಷರತ್ತು ಹೆಚ್ಚಿನ ಪತ್ರಗಳಲ್ಲಿದೆ. ಗ್ರಾಹಕರ ಮಾಹಿತಿಯನ್ನು ವಿಶ್ವವಿದ್ಯಾಲಯದ ಸರ್ವರಿಗೆ ಹಾಕಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತೊಡಕೂ ಎದುರಾದೀತು. ಅನುಮತಿ ಮ್ಯಾನೇಜರ್ ಬಾಯಿಮಾತಲ್ಲಿ ಕೊಟ್ಟರೆ ಸಾಲದು, ಇಮೇಲ್‌ನಲ್ಲಿರಬೇಕು. ಮ್ಯಾನೇಜರುಗಳು ಬದಲಾಗುತ್ತಾರೆ.

ಕನ್ನಡ ಬಲ್ಲವರಿಗೆ ಒಂದು ಅವಕಾಶ

ಕಂಪನಿಯ ಮಾಹಿತಿ ಬಳಸಲಾಗದವರಿಗೆ ಮುಕ್ತವಾಗಿ ಸಿಗುವ ಒಂದು ವಿಷಯ ಕನ್ನಡವೇ. ಇಂಗ್ಲಿಷ್ ಪಠ್ಯವನ್ನೇ ಹೆಚ್ಚು ಉಂಡು ಬೆಳೆದ ಭಾಷಾ ಮಾದರಿಗಳು ಕನ್ನಡದ ಪದವನ್ನು ಬೇಕಾಬಿಟ್ಟಿ ಚೂರು ಮಾಡುತ್ತವೆ. 'ಹೋಗಬೇಕಾಗಿತ್ತಂತೆ' ಎಂಬ ಒಂದೇ ಪದದಲ್ಲಿ ಕ್ರಿಯೆ, ಅಗತ್ಯ, ಕಾಲ, ಬೇರೆಯವರ ಬಾಯಿಂದ ಕೇಳಿದ್ದು ಎಂಬ ಅರ್ಥ ಎಲ್ಲ ಸೇರಿಕೊಂಡಿವೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಚೂರುಗಳು ಹೆಚ್ಚಾದಷ್ಟೂ ಖರ್ಚು ಹೆಚ್ಚು, ತಪ್ಪೂ ಹೆಚ್ಚು. ಇದನ್ನು ಹೇಗೆ ಕಡಿಮೆ ಮಾಡಬಹುದು ಎಂಬುದು ಒಂದು ಎಂ.ಟೆಕ್ ಪ್ರಬಂಧಕ್ಕೆ ಧಾರಾಳವಾಗಿ ಸಾಕಾಗುವ ಪ್ರಶ್ನೆ.

ಸಾಮಗ್ರಿಯೂ ಇದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 22 ಅನುಸೂಚಿತ ಭಾಷೆಗಳ ಅನುವಾದ ಮಾದರಿಯನ್ನು 2023ರಲ್ಲಿ ಮುಕ್ತವಾಗಿ ಬಿಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ 'ವಾಣಿ' ಯೋಜನೆ ನಡೆಸುತ್ತಿವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯನ್ನು ದೆಹಲಿಯಲ್ಲೇ ಇರುವ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ ನೋಡಿಕೊಳ್ಳುತ್ತದೆ. 2024ರ ಮಾರ್ಚ್ 7ರಂದು ಕೇಂದ್ರ ಸಂಪುಟ ಒಪ್ಪಿದ, ಸುಮಾರು 10,372 ಕೋಟಿ ರೂ. ವೆಚ್ಚದ ಇಂಡಿಯಾಎಐ ಮಿಷನ್‌ನಡಿ ಸಂಶೋಧಕರಿಗೆ, ವಿದ್ಯಾರ್ಥಿಗಳಿಗೆ, ಸ್ಟಾರ್ಟಪ್‌ಗಳಿಗೆ ಜಿಪಿಯುಗಳನ್ನು ರಿಯಾಯಿತಿ ದರದಲ್ಲಿ ಕೊಡುವ ವ್ಯವಸ್ಥೆಯೂ ಬಂದಿದೆ.

ಪಿಎಚ್.ಡಿ. ಆಸೆ ಇದ್ದರೆ

ಯುಜಿಸಿಯ 2022ರ ನಿಯಮಗಳು ಅರ್ಧಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿವೆ. ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತೇವೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗೆ ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಉದ್ಯೋಗದಾತರು ನಿರಾಕ್ಷೇಪಣಾ ಪತ್ರದಲ್ಲಿ ಬರೆದುಕೊಡಬೇಕು. ಆದರೆ ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜತೆ ಸೇರಿ ಮಾರುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಜಂಟಿಯಾಗಿ ಎಚ್ಚರಿಸಿವೆ. ಹೆಸರಿನ ಹಿಂದೆ ಡಾಕ್ಟರ್ ಸೇರುವ ಆತುರದಲ್ಲಿ ಲಕ್ಷಾಂತರ ರೂಪಾಯಿ ಕಟ್ಟುವ ಮೊದಲು ಆ ಒಂದು ಪುಟದ ಪ್ರಕಟಣೆ ಓದಿಕೊಳ್ಳಬೇಕು.

ಈ ವರ್ಷವೇ ಶುರು ಮಾಡಬೇಕು ಎನ್ನುವವರಿಗೆ ಕ್ಯಾಲೆಂಡರ್ ಹೀಗಿದೆ. ಗೇಟ್ ಅರ್ಜಿಗಳು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ದೆಹಲಿಯ ಸಂಸ್ಥೆಗಳ ಎಂ.ಟೆಕ್ ಪ್ರವೇಶ ಮಾರ್ಚ್ ನಂತರ, ತರಗತಿ ಜುಲೈ-ಆಗಸ್ಟ್‌ನಲ್ಲಿ. ನಿರಾಕ್ಷೇಪಣಾ ಪತ್ರಕ್ಕೆ ಎಚ್‌ಆರ್ ವಿಭಾಗ ವಾರಗಟ್ಟಲೆ ತೆಗೆದುಕೊಳ್ಳುವುದುಂಟು, ಅದನ್ನು ಜನವರಿಯಲ್ಲೇ ಕೇಳಿಟ್ಟುಕೊಳ್ಳಬೇಕು. ಬಿ.ಇ.ಯ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್ ಕರ್ನಾಟಕದ ವಿಶ್ವವಿದ್ಯಾಲಯದಿಂದ ಬರಬೇಕಿದ್ದರೆ ದೀಪಾವಳಿಗೆ ಊರಿಗೆ ಹೋದಾಗಲೇ ಆ ಕೆಲಸ ಮುಗಿಸಿಕೊಂಡು ಬರುವುದು ಸುಲಭ.